ಮೀನಿನ ರಸದ ಪನ್ನಾ ಕೋಟಾ

ಟ್ರೆವರ್ ಹೆಸ್ಕೆತ್ ಹುಟ್ಟಿದ್ದು ಇಂಗ್ಲಿಷರ ಗಣಿಯೂರು ವಿಗನ್‌ನಲ್ಲಿ. ವಿಗನ್‌ನಲ್ಲಿ ಹುಟ್ಟಿದವರು ಇಟಲಿಯ ಅಡುಗೆ ಮಾಡಕೂಡದು ಎಂಬ ಕಾನೂನೇನೂ ಇಲ್ಲ. ಆದರೂ ಅವನು ತಾನು ಅಡುಗೆಯವನಾಗುತ್ತೇನೆ, ಅದರಲ್ಲೂ ಇಟಲಿಯ ಅಡುಗೆಯವನಾಗುತ್ತೇನೆ ಎಂದಾಗ ಅವನಪ್ಪ ಟಿವಿಯ ಸದ್ದು ತಗ್ಗಿಸಿ, "ಯಾಕೋ, ನಾವು ನಿಂಗೇನು ಕಮ್ಮಿ ಮಾಡಿದ್ವಿ?" ಎಂದು ಕೇಳಿದ್ದ. ಆ ಮನೆಯಲ್ಲಿ ಇಟಲಿಯೆಂದರೆ ಡಬ್ಬಿಯಿಂದ ಸುರಿದ ಸ್ಪಾಗೆಟ್ಟಿ. ಅದನ್ನು ಸುಟ್ಟ ಬ್ರೆಡ್ಡಿನ ಮೇಲೆ ಹರಡಿ, ಚಾಕುವಿನಿಂದ ಕತ್ತರಿಸಿ ತಿನ್ನುವುದು ರೂಢಿ.

ಇಪ್ಪತ್ತರ ಹರೆಯದಲ್ಲಿ ಅವನು ಒಬ್ಬ ಹುಡುಗಿಯ ಬೆನ್ನುಹತ್ತಿ ಇಟಲಿಯ ಬೊಲೋನ್ಯಾಕ್ಕೆ ಹೋದ. ಹುಡುಗಿ ವಾರದೊಳಗೆ ಬೇಸತ್ತು ಊರಿಗೆ ಮರಳಿದಳು. ಟ್ರೆವರ್ ಮರಳಲಿಲ್ಲ. ಅಷ್ಟರಲ್ಲಿ ಅವನು ಒಂದು ಸಣ್ಣ ಹೋಟೆಲಿನಲ್ಲಿ ತೊರ್ತೆಲ್ಲೀನಿಯ ಸಾರು ಕುಡಿದಿದ್ದ. ಮಾಂಸ ತುಂಬಿ ಮಡಿಚಿದ, ಉಗುರಿನಷ್ಟು ಪುಟ್ಟ ಕಡುಬುಗಳು ತಿಳಿಯಾದ ಕೋಳಿಸಾರಿನಲ್ಲಿ ತೇಲುತ್ತಿದ್ದವು. ಬಟ್ಟಲು ಬರಿದಾಗುವ ಹೊತ್ತಿಗೆ ಹುಡುಗಿಯ ಹೆಸರೇ ಮರೆತುಹೋಗಿತ್ತು ಎಂದು ಅವನು ಮುಂದೆ ಹೆಂಡತಿ ಡೆನೀಸ್‌ಗೆ ಆಣೆಯಿಟ್ಟು ಹೇಳುತ್ತಿದ್ದ. ಡೆನೀಸ್ ನಂಬಿದವಳಂತೆ ತೋರಿಸಿಕೊಳ್ಳುತ್ತಿದ್ದಳು.

ಕೆಲವು ವರ್ಷ ಅಲ್ಲೇ ಈರುಳ್ಳಿ ಹೆಚ್ಚಿ, ಪಾತ್ರೆ ಉಜ್ಜಿ, ಬೈಗುಳ ತಿಂದು ಕಲಿತವನು ಲಂಡನ್ನಿಗೆ ಬಂದು, ಕೊನೆಗೆ ಅಲ್ಲಿನ ಬಡಾವಣೆ ಮೆರಿಲೆಬೋನ್‌ನಲ್ಲಿ 'ಸಾಂತೆರ್ನೋ' ಎಂಬ ಹೋಟೆಲಿನ ಮುಖ್ಯ ಬಾಣಸಿಗನಾದ. ಬಂಡವಾಳ ಪಿಯರ್ಸ್ ಲ್ಯಾಟಿಮರ್ ಎಂಬವನದು. ಪಿಯರ್ಸ್ ಕಾರು ನಿಲ್ಲಿಸುವ ಜಾಗಗಳನ್ನು ಬಾಡಿಗೆಗೆ ಕೊಟ್ಟು ಶ್ರೀಮಂತನಾದವನು. ಆದ್ದರಿಂದ ಊಟದ ವಿಷಯದಲ್ಲಿ ಅವನಿಗೆ ಗಟ್ಟಿ ಅಭಿಪ್ರಾಯಗಳಿದ್ದವು. ಟ್ರೆವರ್‌ನ ಬಲಗೈ ಅಸ್ಸುಂತಾ, ಇಟಲಿಯ ಸಾರ್ಡೀನಿಯಾ ದ್ವೀಪದ ಹೆಂಗಸು. ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು, ಗಂಟಲಿನಲ್ಲಿ ಎಲ್ಲರಿಗಿಂತ ಹಿರಿಯಳು. ಹೊರಗಿನವರ ಎದುರು ಅವನನ್ನು "ಶೆಫ್" ಎನ್ನುತ್ತಿದ್ದಳು, ಉಳಿದ ಹೊತ್ತಿನಲ್ಲಿ "ಲೋ ಟ್ರೆವರ್" ಎನ್ನುತ್ತಿದ್ದಳು.

ಅಡುಗೆ ಅಚ್ಚುಕಟ್ಟಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಪತ್ರಿಕೆಗಳ ವಿಮರ್ಶಕರು ಬಂದರು, ತಿಂದರು, "ನೆಚ್ಚಬಹುದಾದ ಹೋಟೆಲು" ಎಂದು ಬರೆದರು. ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಹೀಗೆ ಬರೆದರೆ ಅದು ಮಾರಾಟವಾಗುತ್ತದೆ. ಶೆಫ್ ಬಗ್ಗೆ ಹೀಗೆ ಬರೆದರೆ ಅವನ ಕಥೆ ಮುಗಿದಂತೆ. ಹೋಟೆಲುಗಳಿಗೆ ನಕ್ಷತ್ರ ಹಂಚುವ ಮಹನೀಯರು ಪ್ರತಿವರ್ಷ ಸಾಂತೆರ್ನೋವನ್ನು ದಾಟಿ ಎದುರು ಸಾಲಿನ ಹೋಟೆಲಿಗೆ ಹೋಗುತ್ತಿದ್ದರು.

"ಎದುರಿನವನು ಬೂಟಿನಲ್ಲಿ ನೊರೆ ಬಡಿಸ್ತಾನೆ ಟ್ರೆವರ್," ಎಂದು ಪಿಯರ್ಸ್ ಹಲುಬುತ್ತಿದ್ದ. "ನೀನು ತಟ್ಟೆಯಲ್ಲಿ ಊಟ ಬಡಿಸ್ತೀಯ. ಯಾರಪ್ಪಾ ನಿನ್ನ ಕಡೆ ತಿರುಗಿ ನೋಡ್ತಾರೆ?"

ಹೀಗಿರುವಾಗ ಫೆಬ್ರವರಿಯಲ್ಲಿ ಟ್ರೆವರ್‌ಗೆ ನೆಗಡಿಯಾಯಿತು. ಲಂಡನ್ನಿನಲ್ಲಿ ಫೆಬ್ರವರಿಯಲ್ಲಿ ನೆಗಡಿಯಾಗದವನೇ ಅಪರೂಪ, ಹಾಗಾಗಿ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮೂಗು ಸೋರುವುದು ನಿಂತಿತು. ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಕೂತು ಪೇಪರ್ ಓದುತ್ತಿದ್ದಾಗ ಡೆನೀಸ್ ಓಡಿಬಂದು ಬ್ರೆಡ್ ಸುಡುವ ಯಂತ್ರದ ವೈರು ಕಿತ್ತಳು. ಕೋಣೆಯ ತುಂಬ ನೀಲಿ ಹೊಗೆ.

"ಮನೆ ಹೊತ್ತಿ ಉರೀತಿದೆ, ನೀನು ಫುಟ್‌ಬಾಲ್ ಸುದ್ದಿ ಓದ್ತಾ ಕೂತಿದೀಯಲ್ಲೋ!"

"ಏನು ಉರೀತಿದೆ?" ಎಂದ ಟ್ರೆವರ್. ತಲೆಯೆತ್ತಿ ಹೊಗೆ ನೋಡಿದ. ನೋಡಿದ ಮೇಲೂ ಅವನಿಗೆ ಏನೂ ಮೂಗಿಗೆ ಹತ್ತಲಿಲ್ಲ. ಎದ್ದು ಸಾಸಿವೆ ಗೊಜ್ಜಿನ ಡಬ್ಬಿ ತೆರೆದು ಒಂದು ಚಮಚ ಬಾಯಿಗೆ ಹಾಕಿಕೊಂಡ. ಗೋಡೆಗೆ ಕಾಗದ ಹಚ್ಚುವ ಅಂಟು ತಿಂದಂತಾಯಿತು.

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ವೈರಸ್ಸಿನಿಂದ ಹೀಗಾಗುವುದುಂಟು, ಮೂಗಿನ ಜೊತೆ ನಾಲಿಗೆಯೂ ಹೋಗುವುದುಂಟು, ಮರಳಿ ಬಂದರೂ ಬಂದೀತು, ಬರದೆಯೂ ಇರಬಹುದು ಎಂದರು. "ಚಿಂತೆ ಬೇಡ, ಇದರಿಂದ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಲ್ಲ. ಅಂದಹಾಗೆ, ಏನು ಕೆಲಸ ನಿಮ್ಮದು?" ಟ್ರೆವರ್ ಹೇಳಿದ. ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅವನು ಯಾರಿಗೂ ಬಾಯಿ ಬಿಡಬಾರದೆಂದು ಡೆನೀಸ್‌ಳಿಂದ ಮಾತು ತೆಗೆದುಕೊಂಡ. ಅಸ್ಸುಂತಾಳ ಎದುರು ಗುಟ್ಟು ಒಂದು ಹೊತ್ತೂ ನಿಲ್ಲಲಿಲ್ಲ. ಅವಳು ಸಾರಿನ ಚಮಚ ಮುಂದೆ ಹಿಡಿದಳು; ಅವನು ಹೀರಿ, ಕಣ್ಣು ಮುಚ್ಚಿ, "ಹದವಾಗಿದೆ" ಎಂದ.

"ಉಪ್ಪು?"

"ಸರಿಯಾಗಿದೆ."

"ಉಪ್ಪು ಹಾಕೇ ಇಲ್ಲ ಕಣೋ," ಎಂದಳು ಅಸ್ಸುಂತಾ. ಅವನ ಕೈಹಿಡಿದು ದಾಸ್ತಾನು ಕೋಣೆಗೆ ಎಳೆದೊಯ್ದು ಬಾಗಿಲು ಮುಚ್ಚಿದಳು. "ಯಾವತ್ತಿಂದ?"

ಟ್ರೆವರ್ ಹೇಳಿದ. ಅಸ್ಸುಂತಾ ಯಾವ ಸಮಾಧಾನವನ್ನೂ ಹೇಳಲಿಲ್ಲ. "ಇನ್ಮೇಲೆ ನಾನು ರುಚಿ ನೋಡ್ತೀನಿ. ನೀನು ದೊಡ್ಡ ಮನುಷ್ಯನ ಥರ ಮುಖ ಗಂಟು ಹಾಕ್ಕೊಂಡು ನಿಂತಿರು. ಅದು ನಿನಗೆ ಬರುತ್ತೆ."

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಆದರೆ ಊರಿನಲ್ಲಿ ಅವಳ ಅಣ್ಣ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ, ಅವಳು ಹೊರಡಲೇಬೇಕಾಯಿತು. ಹೋಗುವಾಗ ಬೆರಳೆತ್ತಿ ಎಚ್ಚರಿಸಿದಳು: "ನಾನು ಬರೋವರೆಗೆ ಕೈಗೆ ರೂಢಿ ಇರೋದನ್ನಷ್ಟೇ ಮಾಡು. ಬುದ್ಧಿವಂತಿಕೆ ಬೇಡ."

ಟ್ರೆವರ್ ಬುದ್ಧಿವಂತಿಕೆ ಮಾಡಲಿಲ್ಲ. ತಪ್ಪು ಬಾಟಲಿ ಎತ್ತಿಕೊಂಡ, ಅಷ್ಟೆ. ಆ ಸಂಜೆ ಸಿಹಿ ಮಾಡುವವನು ರಜೆ ಹಾಕಿದ್ದರಿಂದ ಪನ್ನಾ ಕೋಟಾದ ತಟ್ಟೆಗಳನ್ನು ಟ್ರೆವರ್‌ನೇ ಅಣಿಗೊಳಿಸುತ್ತಿದ್ದ. ಹಾಲಿನ ಕೆನೆಯನ್ನು ಸಕ್ಕರೆಯೊಂದಿಗೆ ಕಾಯಿಸಿ, ನಡುಗುವ ಗಡ್ಡೆಯಾಗಿ ಹೆಪ್ಪಾಗಿಸಿದ ಸಿಹಿ ಅದು. ಮೇಲೆ ಹಳೆಯ ದ್ರಾಕ್ಷಿ ವಿನೆಗರಿನ ನಾಲ್ಕಾರು ಹನಿ ಬೀಳಬೇಕು. ಅದೂ ಕಂದು, ಪಕ್ಕದ ಬಾಟಲಿಯಲ್ಲಿದ್ದ ಮೀನಿನ ರಸವೂ ಕಂದು. ಪುಟ್ಟ ಮೀನುಗಳನ್ನು ಪೀಪಾಯಿಯಲ್ಲಿ ಉಪ್ಪು ಹಾಕಿ ತಿಂಗಳುಗಟ್ಟಲೆ ಕೊಳೆಸಿ ಇಳಿಸುವ ಆ ರಸದ ಮುಚ್ಚಳ ತೆಗೆದರೆ ಪಕ್ಕದ ಮನೆಯವರೂ ಕಿಟಕಿ ಹಾಕಿಕೊಳ್ಳುತ್ತಾರೆ. ಟ್ರೆವರ್ ಮುಚ್ಚಳ ತೆಗೆದು, ಕಲಾವಿದನ ಕೈಚಳಕದಿಂದ ಸುರಿದ.

ಆ ತಟ್ಟೆ ಕಿಟಕಿ ಬದಿಯ ಮೇಜಿಗೆ ಹೋಯಿತು. ಅಲ್ಲಿ ಕೂತಿದ್ದವನು ಕ್ವೆಂಟಿನ್ ಫಾರ್ಕರ್, ಭಾನುವಾರದ ಪತ್ರಿಕೆಯೊಂದರ ಭೋಜನ ವಿಮರ್ಶಕ. ಅವನ ಒಂದು ವಾಕ್ಯಕ್ಕೆ ಹೋಟೆಲುಗಳು ಬಾಗಿಲು ಹಾಕಿದ್ದವು.

ಪಾಸ್ತಾ ಬೇಯಿಸುವವನು ಅತ್ತ ಬಂದವನೇ ಮೂಗು ಸೊಟ್ಟ ಮಾಡಿ, "ಶೆಫ್, ಸಿಹಿ ಮಾಡೋ ಜಾಗದಲ್ಲಿ ಮೀನಿನ ರಸ ಯಾಕೆ ತೆರೆದಿದೆ?" ಎಂದು ಕೇಳಿದ. ಟ್ರೆವರ್ ಬಾಟಲಿಯ ಚೀಟಿ ಓದಿದ. ತಲೆಯ ಟೋಪಿ ಕಿತ್ತು ಕೈಯಲ್ಲಿ ಹಿಡಿದು, ಕ್ಷಮೆ ಕೇಳಲು ಕಿಟಕಿಯ ಮೇಜಿಗೆ ಧಾವಿಸಿದ. ಫಾರ್ಕರ್ ಕಣ್ಣು ಮುಚ್ಚಿ ಕೂತಿದ್ದ. ರೆಪ್ಪೆಯ ತುದಿಯಲ್ಲಿ ನೀರಾಡಿತ್ತು.

"ಸರ್, ಆ ಸಿಹಿ ಇದೆಯಲ್ಲ, ಅದು..."

ಫಾರ್ಕರ್ ಅಂಗೈ ಎತ್ತಿದ. "ಬೇಡ. ವಿವರಿಸಬೇಡಿ. ವಿವರಿಸಿದರೆ ಅದು ಸತ್ತುಹೋಗುತ್ತೆ."

ಭಾನುವಾರದ ಬರಹ ಅರ್ಧ ಪುಟ ತುಂಬಿತ್ತು. 'ತೊಟ್ಟಿಲ ಮಗುವಿನ ಮೇಲೆ ಯಾರೋ ಸಮುದ್ರ ಸುರಿದಂತೆ' ಎಂದಿದ್ದ ಫಾರ್ಕರ್. 'ಹೆಸ್ಕೆತ್ ಇಷ್ಟು ವರ್ಷ ನಮ್ಮನ್ನು ಮೆಚ್ಚಿಸಲು ಹೆಣಗುತ್ತಿದ್ದ. ಈಗ ಅವನು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ. ಅವನ ಪಾದಗಳಿಗೆ ನಮಸ್ಕಾರ.'

ಫೋನು ಬಾಯಿ ಮುಚ್ಚಲಿಲ್ಲ. ಕಿಟಕಿಯ ಮೇಜಿಗಾಗಿ ಒಬ್ಬ ಮಂತ್ರಿಯ ಕಡೆಯವರು ಇನ್ನೊಬ್ಬ ಮಂತ್ರಿಯ ಕಡೆಯವರೊಂದಿಗೆ ಜಗಳಕ್ಕೆ ಬಿದ್ದರು. ಪಿಯರ್ಸ್ ಬಂದು ಟ್ರೆವರ್‌ನನ್ನು ತಬ್ಬಿಕೊಂಡು, "ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯಾ?" ಎಂದ. ಟ್ರೆವರ್ ನಿಜ ಹೇಳಲು ಬಾಯಿ ತೆರೆದ; ಪಿಯರ್ಸ್‌ನ ಮುಖದಲ್ಲಿ ಮೊದಲ ಬಾರಿಗೆ ಗೌರವ ಕಂಡಿತು; ಬಾಯಿ ಮುಚ್ಚಿಕೊಂಡ.

ಅಸ್ಸುಂತಾ ಊರಿನಿಂದ ಮರಳಿದವಳೇ ಆ ಪನ್ನಾ ಕೋಟಾ ಒಂದು ಚಮಚ ತಿಂದು, ತೊಟ್ಟಿಗೆ ಓಡಿ ಉಗಿದಳು. ಬಾಯಿ ತೊಳೆದುಕೊಂಡಳು. ಮತ್ತೊಮ್ಮೆ ತೊಳೆದುಕೊಂಡಳು.

"ಹೇಗಿದೆ?" ಎಂದು ಟ್ರೆವರ್ ಆತಂಕದಿಂದ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಬೆಕ್ಕು ಎದೆಹಾಲು ಕುಡಿದು ವಾಂತಿ ಮಾಡಿದ ಹಾಗಿದೆ. ಇದಕ್ಕಾ ಆ ಸಾಲು ನಿಂತಿರೋದು?"

"ಅವರಿಗೆಲ್ಲ ಇಷ್ಟವಾಗಿದೆಯಲ್ಲ."

"ಅವರಿಗೆ ಇಷ್ಟ ಇಲ್ಲ ಕಣೋ. ಪಕ್ಕದ ಮೇಜಿನವನು ಇಷ್ಟ ಅಂದ ಅಂತ ಇವರೂ ಅಂತಾರೆ. ಹೋಗಿ ಮುಖ ನೋಡು, ಮಕ್ಕಳು ಔಷಧಿ ನುಂಗಿದ ಹಾಗಿರ್ತಾರೆ."

ಪಿಯರ್ಸ್ ಇಂಥ ತಿನಿಸು ಇನ್ನಷ್ಟು ಬೇಕೆಂದ. ಟ್ರೆವರ್ ಕೊಟ್ಟ. ಪರದೆಗೆ ಬಟ್ಟೆ ಆರಿಸುವವನಂತೆ ಬಣ್ಣ ನೋಡಿ ಜೋಡಿಸುತ್ತಿದ್ದ: ಬಿಳಿ ಮೀನಿನ ಮೇಲೆ ಕಾಫಿಯ ಗಸಿ, ಹಸಿ ಪಿತ್ತಜನಕಾಂಗದ ಮೇಲೆ ನೇರಳೆ ಹೂ. ಒಂದೊಂದಕ್ಕೂ ಒಂದೊಂದು ಲೇಖನ ಬಂತು. ವಿಶ್ವವಿದ್ಯಾಲಯದಲ್ಲಿ ಅವನಿಂದ ಭಾಷಣ ಮಾಡಿಸಿದರು. ಅಡುಗೆಯಲ್ಲಿ ನೋವಿನ ಪಾತ್ರವೇನು ಎಂದು ಸಭಿಕನೊಬ್ಬ ಕೇಳಿದ. ಟ್ರೆವರ್, "ಬಹಳ ಇದೆ" ಎಂದ. ಸಭೆ ಎದ್ದು ಚಪ್ಪಾಳೆ ತಟ್ಟಿತು.

ಮನೆಯಲ್ಲಿ ಅವನು ಗಂಜಿಯಂಥದ್ದೇನನ್ನೋ ನುಂಗಿ ಸೊರಗುತ್ತಿದ್ದ. ಅಂಗಿಯ ಕಾಲರಿನಲ್ಲಿ ಕತ್ತು ತೂಗಾಡುತ್ತಿತ್ತು. ಭಾನುವಾರ ಡೆನೀಸ್ ಕೋಳಿ ಸುಟ್ಟಾಗ ತಟ್ಟೆ ಮುಂದಿಟ್ಟುಕೊಂಡು, "ಹೇಗಿದೆ ಹೇಳು" ಎನ್ನುತ್ತಿದ್ದ.

"ಕೋಳಿ ಥರ ಇದೆ."

"ಸರಿಯಾಗಿ ಹೇಳೇ."

ಡೆನೀಸ್ ಅಗಿಯುತ್ತ ಯೋಚಿಸಿದಳು. "ನಿಮ್ಮಮ್ಮನ ಮನೆಗೆ ಮಳೇಲಿ ನೆಂದುಕೊಂಡು ಬಂದು, ಬಾಗಿಲು ತೆರೆದಾಗ ಘಮ ಬರ್ತಿತ್ತಲ್ಲ, ಅದು. ಚರ್ಮದ ಹತ್ತಿರ ಸ್ವಲ್ಪ ಜಾಸ್ತಿ ಉಪ್ಪು. ಆಮೇಲೆ ನಿಂಬೆ, ತಡವಾಗಿ ಬರುತ್ತೆ." ಟ್ರೆವರ್ ಅವಳ ಬಾಯನ್ನೇ ನೋಡುತ್ತ ಕೂತಿದ್ದ. ಲೇಖನಗಳಲ್ಲಿ ಯಾವುದೂ ಅವನಿಗೆ ಇಷ್ಟು ಹೊಟ್ಟೆ ತುಂಬಿಸಿರಲಿಲ್ಲ.

ಆ ವರ್ಷ ನಕ್ಷತ್ರ ಬಂತು. ಪಿಯರ್ಸ್ ಶಾಂಪೇನ್ ಹಂಚಿದ. ಟ್ರೆವರ್‌ಗೆ ಅದು ನಾಲಿಗೆಗೆ ಸೂಜಿ ಚುಚ್ಚಿದಂತಾಯಿತು, ಅಷ್ಟೆ.

ಅದಾಗಿ ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ, ಅಸ್ಸುಂತಾ ಕೆಲಸದವರ ಊಟಕ್ಕೆಂದು ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದಳು. ಟ್ರೆವರ್ ಅವಳಿಗೆ ಬೆನ್ನು ಹಾಕಿ ನಿಂತು ಮೀನಿನವನೊಂದಿಗೆ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದ. ಮಾತಿನ ನಡುವೆ ನಿಲ್ಲಿಸಿ, "ಅಸ್ಸುಂತಾ, ಈರುಳ್ಳಿ ತಳ ಹಿಡೀತಿದೆ" ಎಂದ.

"ಕಂಡಿದೀನಿ, ನಿನ್ನ ಕೆಲಸ ನೋಡ್ಕೋ," ಎಂದವಳು ಸೌಟು ಕೈಬಿಟ್ಟು ತಿರುಗಿದಳು.

ಟ್ರೆವರ್ ಬಾಣಲೆಯ ಮೇಲೆ ಬಗ್ಗಿ ನಿಂತಿದ್ದ. ಭುಜಗಳು ಕುಲುಕುತ್ತಿದ್ದವು. ಒಳಗೆ ಬಂದ ಅಡುಗೆಯವರು ಈರುಳ್ಳಿಯ ಘಾಟು ಎಂದುಕೊಂಡು ಸುಮ್ಮನೆ ಹೋದರು. ಆಮೇಲೆ ಅವನು ಹಸಿದ ಕಳ್ಳನಂತೆ ಅಡುಗೆಮನೆಯನ್ನೆಲ್ಲ ಜಾಲಾಡಿದ. ಚೀಸ್ ಕಚ್ಚಿದ, ತುಳಸಿಯಂಥ ಎಲೆಗಳನ್ನು ಮುಷ್ಟಿಯಲ್ಲಿ ಹಿಸುಕಿ ಮೂಸಿದ, ಸಾರಿಗೆ ಬಟ್ಟಲನ್ನೇ ಅದ್ದಿದ. ಕೊನೆಗೆ ತಣ್ಣನೆಯ ಪೆಟ್ಟಿಗೆಯಲ್ಲಿದ್ದ ಪನ್ನಾ ಕೋಟಾ ತೆಗೆದು, ರಸ ಸುರಿದು, ತನ್ನ ಕೀರ್ತಿಯನ್ನು ಒಂದು ಚಮಚ ಬಾಯಿಗಿಟ್ಟ.

ತೊಟ್ಟಿಯ ಹತ್ತಿರ ಅಸ್ಸುಂತಾ ಆಗಲೇ ನಲ್ಲಿ ತಿರುಗಿಸಿಕೊಂಡು ಕಾದಿದ್ದಳು.

"ಇದನ್ನ ಜನ ದುಡ್ಡು ಕೊಟ್ಟು ತಿಂತಾರಾ?" ಎಂದ, ಬಾಯಿ ಒರೆಸಿಕೊಳ್ಳುತ್ತ.

"ತಿಂಗಳುಗಟ್ಟಲೆ ಕಾದು ತಿಂತಾರೆ ಶೆಫ್."

ಇದನ್ನು ನಿಲ್ಲಿಸೋಣ ಎಂದರೆ ಪಿಯರ್ಸ್ ಒಪ್ಪಲೇ ಇಲ್ಲ. "ರುಚಿಯಾಗಿಲ್ಲ ಅಂತೀಯಾ? ರುಚಿಗೂ ನಮಗೂ ಏನಪ್ಪಾ ಸಂಬಂಧ? ಗೋಡೆಯ ಮೇಲಿನ ನಕ್ಷತ್ರ ನೋಡು." ಟ್ರೆವರ್ ನೋಡಿದ. ಮರುದಿನ ಮೀನಿನ ರಸ ತೆಗೆದುಹಾಕಿ ಹಳೆಯ ವಿನೆಗರನ್ನೇ ಸುರಿದ. ಕಾಫಿ ಗಸಿ ಹೋಯಿತು, ಹೂ ಹೋಯಿತು, ತೊರ್ತೆಲ್ಲೀನಿಯ ಸಾರು ಮರಳಿತು. ತಿನ್ನದೆ ಬಿಟ್ಟ ತಟ್ಟೆಗಳೂ ಮರಳತೊಡಗಿದವು. ಮುತ್ತಿನ ಹಾರದ ಹೆಂಗಸೊಬ್ಬಳು ಅವನನ್ನೇ ಕರೆಸಿ, "ಇದರಲ್ಲಿ ಏನೋ ಕಮ್ಮಿಯಾಗಿದೆಯಲ್ಲ?" ಎಂದು ಕೇಳಿದಳು.

"ಹೌದಮ್ಮ, ಮೀನು."

ಫಾರ್ಕರ್ ಸುದ್ದಿ ತಿಳಿದು ಬಂದ, ಪೂರ್ತಿ ತಿಂದ, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿಯೂ ತಿಂದ ಎಂದು ಬಡಿಸಿದವನು ಹೇಳಿದ. ಭಾನುವಾರ ಟ್ರೆವರ್ ಬರಹವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದ. 'ಭಾರವಾದ ಎದೆಯಿಂದ ಬರೆಯುತ್ತಿದ್ದೇನೆ. ಈಗ ಸತ್ಯವನ್ನು ಮುಚ್ಚಿಡಲಾಗದು. ಟ್ರೆವರ್ ಹೆಸ್ಕೆತ್ ತನ್ನ ನಾಲಿಗೆಯ ರುಚಿಯನ್ನು ಕಳೆದುಕೊಂಡಿದ್ದಾನೆ.'

ಅಸ್ಸುಂತಾ ನಗಲು ಶುರುಮಾಡಿದವಳು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತಳು. ಟ್ರೆವರ್‌ಗೆ ಮೊದಲು ಕೋಪ ಬಂತು, ಆಮೇಲೆ ಅವನೂ ಅವಳ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡ.

ಪಿಯರ್ಸ್ ನಗಲಿಲ್ಲ. ಟ್ರೆವರ್‌ನನ್ನು ಕೆಲಸದಿಂದ ಬಿಡಿಸಿದ. ಪನ್ನಾ ಕೋಟಾ ಮಾತ್ರ ಕಂಪನಿಯ ಸೊತ್ತು ಎಂದು ವಕೀಲರಿಂದ ಹೇಳಿಸಿದ. ಟ್ರೆವರ್ ಅದನ್ನು ಹೃತ್ಪೂರ್ವಕವಾಗಿ ಬಿಟ್ಟುಕೊಟ್ಟ. ಈಗ ಅಲ್ಲಿ ಹೊಸ ಶೆಫ್ ಒಬ್ಬ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಿನಾ ಅದನ್ನೇ ಸುರಿಯುತ್ತಿದ್ದಾನೆ.

ಟ್ರೆವರ್ ಮತ್ತು ಅಸ್ಸುಂತಾ ವಿಗನ್ ಹತ್ತಿರದ ಪ್ರೆಸ್ಟನ್ ಊರಿನಲ್ಲಿ, ಕ್ಷೌರದಂಗಡಿ ಮತ್ತು ಬೂಟು ರಿಪೇರಿಯವನ ನಡುವೆ ಒಂದು ಕಿರಿದಾದ ಜಾಗ ಹಿಡಿದರು. ಡೆನೀಸ್ ಬಡಿಸುವ ಕೆಲಸಕ್ಕೆ ನಿಂತಳು. ಅಲ್ಲಿನ ವಾರಪತ್ರಿಕೆ ಅವರ ಬಗ್ಗೆ ಎರಡು ಸಾಲು ಬರೆಯಿತು: ಊಟ ಬಿಸಿಯಾಗಿರುತ್ತದೆ, ಕಾರು ನಿಲ್ಲಿಸಲು ಜಾಗವಿದೆ.

ಮಳೆಯ ಒಂದು ಮಂಗಳವಾರ, ನಿವೃತ್ತ ಬಸ್ ಡ್ರೈವರೊಬ್ಬ ಬಂದು ತೊರ್ತೆಲ್ಲೀನಿಯ ಸಾರು ಹೇಳಿದ. ಜೊತೆಗೆ ಬ್ರೆಡ್ಡು, ಬೆಣ್ಣೆ ಕೇಳಿದ. ಬೆಣ್ಣೆಯನ್ನು ದಪ್ಪಗೆ ಹಚ್ಚಿ, ಬ್ರೆಡ್ಡನ್ನು ಆ ತಿಳಿಸಾರಿನಲ್ಲಿ ಮೊಣಕೈವರೆಗೆ ಎಂಬಂತೆ ಅದ್ದಿದ. ಟ್ರೆವರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿ ನೋಡುತ್ತಿದ್ದ.

"ಪೊಲೀಸರನ್ನ ಕರೀಲಾ?" ಎಂದಳು ಅಸ್ಸುಂತಾ, ಅವನ ಹೆಗಲ ಮೇಲಿಂದ ಇಣುಕಿ.

ಡ್ರೈವರ್ ಬಟ್ಟಲೆತ್ತಿ ತಳದ ಸಾರನ್ನು ಸೊರ್ರನೆ ಹೀರಿದ. ಮೀಸೆ ಒರೆಸಿಕೊಂಡು ಡೆನೀಸ್‌ಳನ್ನು ಕರೆದ. "ತಂಗೀ, ಇದೇನೋ ನನಗೆ ಹೆಸರು ಹೇಳಕ್ಕೆ ಬರಲ್ಲ. ಇನ್ನೊಂದು ಬಟ್ಟಲು ಸಿಗುತ್ತಾ?"

"ಬ್ರೆಡ್ಡೂ ಕೊಡು," ಎಂದು ಟ್ರೆವರ್ ಒಳಗಿನಿಂದ ಕೂಗಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದ.