ಕಾಣದ ತಮ್ಮನಿಗೊಬ್ಬ ಅಣ್ಣ

ನಾನು ಹಾಲೆಮರದ ಒಂದು ಅಂತರಿಕ್ಷ ನೌಕೆ, ಹೆಬ್ಬೆರಳಿನಷ್ಟು ಉದ್ದ. ಚನ್ನಪಟ್ಟಣದ ಬಾಷಾಸಾಬರು ನನ್ನನ್ನು ಲೇತಿಗೆ ಕೊಟ್ಟು, ಕೆಂಪು ಅರಗು ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಉಳಿದ ತುಂಡಿನಲ್ಲಿ ಬೂದುಬಣ್ಣದ ತಮ್ಮನೊಬ್ಬ ಹುಟ್ಟಿದ. ಮೊದಲ ದಿನದಿಂದಲೂ ಅವನನ್ನು ಕಂಡರೆ ನನಗಾಗದು.

ನಮ್ಮಿಬ್ಬರನ್ನೂ ಮಾಡಿಸಿದವರು ಮೈಸೂರಿನ ಕುಸುಮ, ಗಣಿತದ ಮೇಡಂ. ನಕ್ಷತ್ರಗಳ ನಡುವೆ ಯುದ್ಧ ನಡೆಯುವ ಹಲಗೆಯಾಟವೊಂದನ್ನು ಅವರು ಅಣ್ಣ ವಾದಿರಾಜರ ಜೊತೆ ಕೂತು ಕಟ್ಟುತ್ತಿದ್ದರು. ಅದು ಗಮಕದ ಮನೆ. ಆಟದ ನಿಯಮವನ್ನೂ ತಂಗಿ ರಾಗವಾಗಿ ಓದಬೇಕು, ಅಣ್ಣ ಅರ್ಥ ಹೇಳಬೇಕು. ಅರ್ಥ ಹೇಳುವಾಗ ಅಣ್ಣ ತಡವರಿಸಿದರೆ ಆ ನಿಯಮಕ್ಕೆ ಕಾಟು.

ನನ್ನ ಪಾಲಿಗೆ ಬಂದದ್ದು ಪ್ರಯಾಣ. ಒಂದೇ ನೆಗೆತಕ್ಕೆ ಐದು ನಕ್ಷತ್ರ ದಾಟಬಲ್ಲೆ. ಆದರೆ ಹೋದ ದಾರಿಯುದ್ದಕ್ಕೂ ಹಳದಿ ಮಣಿ ಇಡಬೇಕು. ಎಂಜಿನ್ನಿನ ಬಿಸಿ ಎಲ್ಲರಿಗೂ ಕಾಣುತ್ತದಂತೆ. ವಾದಿರಾಜರು ಇದಕ್ಕೆ ಅರ್ಧ ವಾಕ್ಯದಲ್ಲಿ ಅರ್ಥ ಹೇಳಿ ಮುಗಿಸಿದರು. ತಮ್ಮನಿಗೋ ದಿನಕ್ಕೊಂದು ಹೊಸ ವಿದ್ಯೆ: ಧೂಳಿನ ಮೋಡದಲ್ಲಿ ಅವಿತುಕೊಳ್ಳುವುದು, ಎಂಜಿನ್ ಆರಿಸಿ ತೇಲುವುದು, ಧೂಮಕೇತುವಿನ ಬಾಲ ಹಿಡಿದು ಸಾಗುವುದು. ಅವನ ನಿಯಮ ಓದುವಾಗ ಕುಸುಮರ ದನಿಯೇ ಬೇರೆ. ದೇವರ ಸ್ತುತಿಯೂ ಅಷ್ಟು ನಿಧಾನವಾಗಿ ಬರುತ್ತಿರಲಿಲ್ಲ.

ಆಟ ಅಚ್ಚು ಮಾಡುವವರಿಂದ ಕಾಗದ ಬಂತು. ಒಬ್ಬ ಆಟಗಾರನಿಗೆ ಮರದ ಕಾಯಿ ಒಂದೇ ಸಾಕು, ಇನ್ನೊಂದನ್ನು ಬಿಡಿ ಎಂದಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಭಾನುವಾರ ಇಬ್ಬರೂ ಆಡಿ ನೋಡಿದರು. ತಮ್ಮ ಮೋಡದೊಳಗೆ ಕೂತ; ಅಲ್ಲಿದ್ದವನು ಎದುರಾಳಿಗೆ ಕಾಣಬಾರದು. ವಾದಿರಾಜರು ಪಾಪ, ನಿಯಮಕ್ಕೆ ತಪ್ಪದ ಮನುಷ್ಯ. ಅವನಿದ್ದ ಕಡೆ ತಿರುಗದೆ ಗೋಡೆ ನೋಡಿಕೊಂಡೇ ಕಾಯಿ ನಡೆಸಿದರು. ಕೊನೆಗೆ ಸಾಕಾಯಿತು.

"ಅಡಗಿದೋನು ಕಣ್ಣೆದುರಿಗೇ ಕೂತಿದಾನಲ್ಲೇ ಕುಸುಮ. ನಾನು ಎಷ್ಟು ಹೊತ್ತು ಅಂತ ಕುರುಡನ ವೇಷ ಹಾಕ್ಲಿ?"

ಕುಸುಮ ನಕ್ಕರು. ತಮ್ಮನನ್ನು ಹಲಗೆಯಿಂದ ಎತ್ತಿ, ಅವನಿದ್ದ ಮನೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಿಸಿಟ್ಟರು. ವಾದಿರಾಜರನ್ನು ಆಚೆ ಕಳಿಸಿ, ತಮ್ಮ ಗುಟ್ಟಾಗಿ ಬೇರೆ ಮನೆಗೆ ಸಾಗಿದನೆಂದು ಮತ್ತೊಂದು ಚೀಟಿ ಬರೆದರು.

"ಈಗ ಹುಡುಕು ಅಣ್ಣ."

ಊಟದ ಹೊತ್ತಿನವರೆಗೆ ಹುಡುಕಿದರು, ಸಿಗಲಿಲ್ಲ. ಇಂಥ ಆಟ ತಾನು ಆಡಿಯೇ ಇಲ್ಲ ಎಂದು ಹೇಳಿ, ಸೋತ ಸಂತೋಷದಲ್ಲಿ ಎರಡು ಸಲ ಸಾರು ಬಡಿಸಿಕೊಂಡರು. ಚೀಟಿಯಲ್ಲಿ ಇರುವವನಿಗೆ ಮರದ ಮೈ ಯಾಕೆ ಎಂದು ಅಲ್ಲೇ ತೀರ್ಮಾನವಾಯಿತು. ಪೆಟ್ಟಿಗೆಯಲ್ಲಿ ನಾನು ಉಳಿದೆ, ತಮ್ಮ ಹೋದ. ಅಂದು ನಾನು ಪಟ್ಟ ಸಂತೋಷವನ್ನು ದೇವರು ಕ್ಷಮಿಸಲಿ.

ಈಗ ನನಗೆ ವಯಸ್ಸಾಗಿದೆ. ಮೂತಿಯ ಅರಗು ಎದ್ದಿದೆ. ಶನಿವಾರ ಬಂದರೆ ಇಂದಿಗೂ ಯಾರಾದರೂ ಆಡಲು ಬರುತ್ತಾರೆ. ಹಲಗೆಯ ನಟ್ಟನಡುವೆ ಕೆಂಪಗೆ ನಿಂತಿದ್ದರೂ ನನ್ನನ್ನು ನೋಡುವವರಿಲ್ಲ. ಎಲ್ಲರ ಕಣ್ಣೂ ಖಾಲಿ ಮನೆಗಳ ಮೇಲೆ. ಇಲ್ಲಿದ್ದಾನೆಯೇ, ಅಲ್ಲಿದ್ದಾನೆಯೇ ಎಂದು ಬೆರಳಿಟ್ಟು ಕೇಳುತ್ತಾರೆ. ಕಾಣದವನ ಮೇಲೆಯೇ ಜನಕ್ಕೆ ಭಕ್ತಿ.

ತಮ್ಮನ ಮರದ ಮೈಯನ್ನು ಕುಸುಮ ಎಲ್ಲಿಟ್ಟರೋ ನನಗೆ ಗೊತ್ತಿಲ್ಲ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದರೂ ಅವರು ಚೀಟಿ ಮಡಿಸಿಟ್ಟ ಕೂಡಲೇ, ಉಳಿದವರ ಹಾಗೆ ನಾನೂ ಖಾಲಿ ಮನೆಗಳನ್ನು ಒಂದೊಂದಾಗಿ ನೋಡತೊಡಗುತ್ತೇನೆ.