ಯಾರೂ ಅಲ್ಲದಾಕಿ

ನಮ್ಮ ಮಂದಿಗಿ ಒಂದು ಚಟ ಅದ. ಗುರ್ತಿಲ್ಲದವರು ಸಿಕ್ಕರೂ ಸಂಬಂಧ ಹಚ್ಚೇಬಿಡ್ತಾರ. ಕಾಕಾ, ಮಾಮಾ, ಮೌಶಿ, ಅಕ್ಕಾ. ಮಕ್ಕಳ ಆಪ್ತಸಮಾಲೋಚಕರಿಗೆ ತರಬೇತಿ ಕೊಡಾಕ ನಾ ಹುಮನಾಬಾದಿಂದ ಬಸವಕಲ್ಯಾಣಕ್ಕ ಬರ್ತೀನಿ. ಮೊದಲನೇ ದಿನಾನೇ ಹೇಳಿದ್ದೆ, "ನೋವು ತಿಂದ ಕೂಸಿಗಿ ಸಂಬಂಧ ಹಚ್ಚಬ್ಯಾಡ್ರಿ. ಆ ನೋವು ಯಾವ ಸಂಬಂಧದಿಂದ ಬಂದದೋ ನಿಮಗ ಗೊತ್ತಿರಂಗಿಲ್ಲ."

ತರಬೇತಿಗಿ ಬಂದಿದ್ದ ಮಾಣಿಕನಗರದ ರೂಪಾಲಿ ನಕ್ಕಿದ್ಲು. "ಅಯ್ಯ ಮೇಡಂ, ಹಂಗಾದ್ರ ಮಾತು ಎಲ್ಲಿಂದ ಸುರು ಮಾಡೋದ್ರಿ?" ಮನಸು ಬೆಣ್ಣಿ, ಆದ್ರ ನಾಲಗಿಗೆ ಲಗಾಮಿಲ್ಲ ಆಕಿಗಿ.

ಇವತ್ತು ಮಂಠಾಳದಿಂದ ಶೀತಲ್ ನಮ್ಮ ಸಮಾಲೋಚನಾ ಕೇಂದ್ರಕ್ಕ ಬಂದಿದ್ಲು, ನಾಕನೇ ಕ್ಲಾಸಿನ ಕೂಸು. ಮುಂಗೈ ಮ್ಯಾಲ ಸುಟ್ಟ ಬರೆ. "ಒಲಿ ಮ್ಯಾಲ ಬಿದ್ದಾಳ್ರಿ" ಅಂತ ಮನಿಯವರ ಮಾತು. ಶಾಲಿ ಟೀಚರ್ ನಂಬಿರ್ಲಿಲ್ಲ. ತಾಯಿ ಸತ್ತ ಮ್ಯಾಲ ತಾಯಿ ತಂಗಿ, ಅಂದ್ರ ಮೌಶಿ, ಆಕಿ ಗಂಡ ಕಾಕಾ, ಇವರ ಮನ್ಯಾಗ ಇರ್ತಾಳ. ಆ ಮೌಶಿ ಹೊರಗ ಬಾಕಿನ ಮ್ಯಾಲ ಕುಂತಿದ್ಲು. ಕೂಸು ಬಾಯಿ ಬಿಡದಿದ್ರ ಸಂಜಿಗಿ ಮತ್ತ ಅದೇ ಮನಿಗಿ ಹೋಗಬೇಕು.

ಬಾಗಿಲು ಹಾಕಿದ್ವಿ. ರೂಪಾಲಿ ಮಾತಾಡಿಸೋದು, ನಾ ಮೂಲ್ಯಾಗ ಕುಂತು ನೋಡೋದು.

"ಅಂಜಬ್ಯಾಡ ಚಿನ್ನಿ," ಅಂದ್ಲು ರೂಪಾಲಿ. "ನಾ ನಿನ್ನ ಮೌಶಿ ಇದ್ದಂಗ."

ಮುಗೀತು. ಶೀತಲ್ ಕೈ ಫ್ರಾಕಿನ ಕೆಳಗ ಮುಚ್ಚಿಕೊಂಡು ಕುರ್ಚಿ ಹಿಂದಕ ಸರಿಸಿದ್ಲು. ನನಗ ಸಿಟ್ಟು ನೆತ್ತಿಗೇರ್ತು. ಹಾಳಾದಾಕಿ, ಬಡಕೊಂಡು ಹೇಳಿದ್ದು ಒಂದು ಕಿವ್ಯಾಗ ಹೊಕ್ಕು ಇನ್ನೊಂದರಾಗ ಹೊಂಟಿತ್ತು! ನಾನೇ ಎದ್ದು ಮಾತಾಡಬೇಕಂತ ರೂಪಾಲಿ ಮುಖ ನೋಡಿದೆ. ತನ್ನ ತಪ್ಪು ಆಗ್ಲೇ ಆಕಿಗಿ ತಿಳಿದಿತ್ತು. ನಾ ಸುಮ್ಮ ಕುಂತೆ.

ರೂಪಾಲಿ ತನ್ನ ಕುರ್ಚಿನೂ ಒಂದು ಗೇಣು ಹಿಂದಕ ಸರಿಸಿದ್ಲು.

"ತಪ್ಪಾತು ಶೀತಲ್," ಅಂದ್ಲು. "ನಾ ನಿನ್ನ ಮೌಶಿ ಅಲ್ಲ. ನನ್ನ ಹೆಸರು ರೂಪಾಲಿ. ಮಕ್ಕಳ ಮಾತು ಕೇಳೋದು ನನ್ನ ಕೆಲಸ."

ಕೂಸು ಬಾಗಿಲ ಕಡಿ ಒಮ್ಮಿ ನೋಡ್ತು. "ನಮ್ಮ ಮೌಶಿಗಿ ನೀವು ಏನಾಗಬೇಕ್ರಿ?"

"ಏನೂ ಆಗಂಗಿಲ್ಲ."

"ಕಾಕಾಗ?"

"ಏನೂ ಇಲ್ಲ."

"ನಮ್ಮ ಮನಿಯವರೊಳಗ ಯಾರಿಗೂ?"

"ಯಾರಿಗೂ ಏನೂ ಅಲ್ಲ."

"ಖರೇನ್ರಿ?"

"ಖರೇ."

ಶೀತಲ್ ಕುರ್ಚಿ ಮುಂದಕ ಎಳಕೊಂಡು, ಸುಟ್ಟ ಕೈ ತೆಗೆದು ಮೇಜಿನ ಮ್ಯಾಲ ಇಟ್ಲು.

"ಹಂಗಾದ್ರ ನಿಮಗ ಹೇಳ್ತೀನ್ರಿ," ಅಂದ್ಲು.