ರೆಪ್ಪೆಯಿಲ್ಲದ ಕಣ್ಣು

ನಾನು ಒಂದು ಪ್ರೊಜೆಕ್ಟರ್. ನನಗಿರುವುದು ಒಂದೇ ಕಣ್ಣು, ಅದೂ ಗಾಜಿನದು. ಕಾರ್ಖಾನೆಯಲ್ಲಿ ಹುಟ್ಟಿದ ದಿನ ಒಬ್ಬ ಹೆಣ್ಣುಮಗಳು ಆ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ, ಡಬ್ಬದೊಳಗೆ ಒಂದು ಚೀಟಿ ಇಟ್ಟಳು. ಈ ಗಾಜನ್ನು ಬೆರಳಿನಿಂದ ಮುಟ್ಟಬಾರದು, ಮೆತ್ತನೆಯ ಬಟ್ಟೆಯಿಂದಲೇ ಒರೆಸಬೇಕು ಎಂದು ಅದರಲ್ಲಿ ಬರೆದಿತ್ತು. ಆ ಚೀಟಿ ಓದಿದವರು ಒಬ್ಬರೇ. ಅವರ ಗತಿ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ಭೀಮಾ ತೀರದ ಒಂದು ಸರ್ಕಾರಿ ಪ್ರೌಢಶಾಲೆಗೆ ನನ್ನನ್ನು ಯಾರೋ ದಾನವಾಗಿ ಕೊಟ್ಟರು. ಹೆಡ್ ಮಾಸ್ತರು ಶರಣಬಸಪ್ಪನವರು ನನಗೆ ಹಾರ ಹಾಕಿದರು, ಕಾಯಿ ಒಡೆಸಿದರು, ಆಮೇಲೆ ಅಲಮಾರದಲ್ಲಿಟ್ಟು ಬೀಗ ಜಡಿದರು. ಎರಡು ವರ್ಷ ಜಿರಳೆಗಳ ಜೊತೆ ಸಂಸಾರ! ತಿಂಗಳಿಗೊಮ್ಮೆ ಹೊರಗೆ ತೆಗೆದು ಮೇಜಿನ ಮೇಲಿಡುವರು. ಮಕ್ಕಳು ಕೈ ಎತ್ತಬೇಕು, ಒಂದು ಫೋಟೋ. ‘ಸ್ಮಾರ್ಟ್ ಕ್ಲಾಸ್ ನಡೆಯುತ್ತಿದೆ’ ಎಂದು ಬರೆದು ಮೇಲಿನವರಿಗೆ ಕಳಿಸುವರು. ನನ್ನ ವೈರು ಪ್ಲಗ್ಗಿನ ಮುಖ ಕೂಡ ಕಂಡಿರಲಿಲ್ಲ.

ಆಗ ಬಂದರು ಕಸ್ತೂರಿ ಅಕ್ಕೋರು. ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ.

“ಸರ, ಚಾವಿ ಕೊಡ್ರಿ. ಹೃದಯದ ಪಾಠ ಅದ.”

“ಏನರೆ ಆದ್ರ ನನ್ನ ತಲಿಗಿ ಬರ್ತದವ್ವ. ಬೋರ್ಡಿನ ಮ್ಯಾಲ ಬರೀರಿ.”

ದಿನಾ ಕೇಳಿ ಕೇಳಿ ಅವರ ತಲೆ ತಿಂದು ಕೊನೆಗೂ ಚಾವಿ ಪಡೆದರು. ಚೀಟಿ ಓದಿದರು. ತಾವೇ ಗೋಡೆಗೆ ಸುಣ್ಣ ಬಳಿದರು, ಕತ್ತಲಾಗಲೆಂದು ಕಿಟಕಿಗೆ ಮನೆಯಲ್ಲಿ ಹೊದೆಯುವ ದುಪಟಿ ಕಟ್ಟಿದರು, ತಮ್ಮ ಮೊಬೈಲಿನ ನೆಟ್ಟಿನಿಂದ ವಿಡಿಯೋ ಇಳಿಸಿಕೊಂಡು ಬಂದರು. ನಾನು ಮೊದಲ ಸಲ ಕಣ್ಣು ಬಿಟ್ಟೆ. ಗೋಡೆ ತುಂಬ ಒಂದು ಹೃದಯ, ಲಬ್ ಡಬ್ ಎಂದು ಬಡಿದುಕೊಳ್ಳುತ್ತಿತ್ತು. ಹಿಂದಿನ ಬೆಂಚಿನ ನಿಂಗಮ್ಮ, ಹಾಜರಿ ಕರೆದರೂ ಬಾಯಿ ಬಿಡದವಳು, ಎದ್ದು ನಿಂತು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಅಕ್ಕೋರೆ, ನಂದೂ ಹಿಂಗೇ ಅದ ಏನ್ರಿ?” ಅಯ್ಯೋ, ನನಗಾದ ಸಂತೋಷ ಹೇಗೆ ಹೇಳಲಿ! ಬೆಳಕಿಗೇ ಹುಟ್ಟಿದವನು ನಾನು, ಬೆಳಕು ಕೊಟ್ಟದ್ದು ಅವತ್ತೇ.

ದಸರೆಯ ರಜೆ ಮುಗಿದ ಕೂಡಲೇ ಶಿಕ್ಷಣಾಧಿಕಾರಿ ಸಾಹೇಬರು ಬಂದು ಅಕ್ಕೋರ ಪಾಠ ನೋಡುವವರಿದ್ದರು. ಅವರ ವರದಿ ಚೆನ್ನಾಗಿದ್ದರೆ ಅಕ್ಕೋರು ಉಳಿಯುತ್ತಾರೆ, ಇಲ್ಲವಾದರೆ ಮನೆಗೆ. ಇಡೀ ಶಾಲೆಗೆ ಗೊತ್ತಿತ್ತು.

ರಜೆಗೆ ಮುಂಚೆ ಶಾಲೆಯಲ್ಲಿ ಆಯುಧ ಪೂಜೆ. ಗಂಟೆ, ಸೈಕಲ್ಲು, ಅಲಮಾರ, ಎಲ್ಲಕ್ಕೂ ಗಂಧ ಕುಂಕುಮ. ನನ್ನ ಸರದಿ ಬಂದಾಗ ಶರಣಬಸಪ್ಪನವರು ಕಣ್ಣಿನ ಮುಚ್ಚಳ ತೆಗೆದರು. ಮುಚ್ಚಳದ ಮೇಲೆ ಹಚ್ಚಿದರೆ ಪೂಜೆ ಮುಟ್ಟುವುದಿಲ್ಲವಂತೆ! ಹಸಿ ಗಂಧ ಬಳಿದು, ಅದರ ಮೇಲೆ ಕುಂಕುಮ ಒತ್ತಿ, ಭಕ್ತಿಯಿಂದ ಕೈಮುಗಿದು, ಮತ್ತೆ ಮುಚ್ಚಳ ಹಾಕಿ ಒಳಗಿಟ್ಟರು. ರಜೆಯಿಡೀ ಅದು ನನ್ನ ಕಣ್ಣಲ್ಲಿ ಒಣಗಿ ಗಟ್ಟಿಯಾಯಿತು.

ಸಾಹೇಬರು ಬರುವ ದಿನ ಮುಂಜಾನೆ ಅಕ್ಕೋರು ಓಡಿ ಬಂದರು. “ಸರ, ಒಮ್ಮೆ ಹಚ್ಚಿ ನೋಡ್ತೀನ್ರಿ.”

“ಪೂಜಾ ಮಾಡಿಟ್ಟದ್ದವ್ವ. ಸಾಹೇಬ್ರ ಕೈಲೇ ತಗಸೂದು.”

ಸಾಹೇಬರೇ ಅಲಮಾರ ತೆರೆದರು, ಚಪ್ಪಾಳೆಯಾಯಿತು. ಅಕ್ಕೋರು ಗಡಿಬಿಡಿಯಲ್ಲಿ ನನ್ನ ಕಣ್ಣು ನೋಡದೆಯೇ ಮುಚ್ಚಳ ತೆಗೆದು ಸ್ವಿಚ್ ಒತ್ತಿದರು. ಗೋಡೆಯ ಮೇಲೆ ಹೃದಯವಿಲ್ಲ, ಕೆಂಪು ರಾಡಿ. ಮಕ್ಕಳು ಕಿಸಕ್ಕನೆ ನಕ್ಕರು. ಅಕ್ಕೋರು ಗಾಬರಿಯಿಂದ ಸೆರಗಿನ ಜರಿಯಲ್ಲೇ ತಿಕ್ಕಿದರು. ಗಂಧದ ತರಿ ಗಾಜನ್ನು ಗೀರಿತು. ಚೀಟಿ ಓದಿದ ಒಬ್ಬರೇ ಒಬ್ಬರು, ಅವರೂ ಮರೆತರು.

“ದಿನಾ ಬಳಸಿ ಬಳಸಿ ಹಾಳ ಮಾಡ್ಯಾರ್ರಿ ಸಾಹೇಬ್ರ. ನಾ ಬ್ಯಾಡಂದೆ,” ಎಂದರು ಶರಣಬಸಪ್ಪನವರು. ಅವರ ಬೆರಳಿನ ಸಂದಿಯಲ್ಲಿ ಅಂದು ಮುಂಜಾನೆ ಮನೆಯ ದೇವರಿಗೆ ಹಚ್ಚಿದ ಕುಂಕುಮ ಇನ್ನೂ ಇತ್ತು.

“ಇದು ಪೂಜಾದ ಕುಂಕುಮ ಅದರಿ ಸರ...” ಅಕ್ಕೋರು ಸೆರಗಿನ ಕೆಂಪು ಕಲೆ ತೋರಿಸಿದರು.

“ಅಂದ್ರ ಪೂಜಾದ ಮ್ಯಾಲ ತಪ್ಪು ಹಾಕ್ತೀರೇನು?” ಸಾಹೇಬರು ಎದ್ದರು.

ಅಕ್ಕೋರು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಹೃದಯ ಬಿಡಿಸತೊಡಗಿದರು. ಮಕ್ಕಳು ಒಂದೊಂದು ಭಾಗದ ಹೆಸರನ್ನೂ ಕೂಗಿ ಹೇಳಿದರು, ನಿಂಗಮ್ಮನ ದನಿಯೇ ಎಲ್ಲರಿಗಿಂತ ಜೋರು. ಕೇಳಲು ಸಾಹೇಬರು ಅಲ್ಲಿರಲಿಲ್ಲ, ಆಫೀಸಿನಲ್ಲಿ ಚಹಾ ಕುಡಿಯುತ್ತ ವರದಿ ಬರೆಯುತ್ತಿದ್ದರು: ‘ಶಿಕ್ಷಕಿಗೆ ತಂತ್ರಜ್ಞಾನ ಬಳಸಲು ಬರುವುದಿಲ್ಲ.’

ಅಕ್ಕೋರು ಹೋದರು. ಹೋಗುವಾಗ ಕಿಟಕಿಯ ದುಪಟಿ ಬಿಚ್ಚಿಕೊಂಡು ಹೋದರು. ಹೊಸ ಮಾಸ್ತರು ನೋಟ್ಸ್ ಬರೆಸುತ್ತಾರೆ, ಚಾವಿ ಕೇಳುವುದಿಲ್ಲ. ನಿಂಗಮ್ಮ ಮತ್ತೆ ಹಾಜರಿಗೂ ಬಾಯಿ ಬಿಡುವುದಿಲ್ಲ. ತಿಂಗಳಿಗೊಂದು ಫೋಟೋ ಮಾತ್ರ ತಪ್ಪಿಲ್ಲ. ನನ್ನ ಬಲ್ಬಿಗೂ ವಯಸ್ಸಾಯಿತು. ಕಣ್ಣಿನ ಮೇಲಿನ ಗೀರು ಅಕ್ಕೋರ ಸೆರಗಿನದು, ಅದೊಂದೇ ನನಗುಳಿದ ಆಸ್ತಿ.

ಈ ವರ್ಷದ ಪೂಜೆಗೆ ತಟ್ಟೆ ಹಿಡಿದವಳು ನಿಂಗಮ್ಮ. ಶರಣಬಸಪ್ಪನವರು ನನ್ನ ಮುಚ್ಚಳ ತೆಗೆದು ಗಂಧದಲ್ಲಿ ಬೆರಳದ್ದಿದರು.

“ಸರ, ಅದು ಅದರ ಕಣ್ಣ್ರಿ,” ಎಂದಳು ಹುಡುಗಿ, ಮೆಲ್ಲಗೆ.

“ಸುಮ್ನ ನಿಂದ್ರು. ತಟ್ಟಿ ನೆಟ್ಟಗ ಹಿಡಿ.”

ಅವಳು ತಟ್ಟೆ ನೆಟ್ಟಗೆ ಹಿಡಿದಳು. ಬೆರಳು ನನ್ನ ಕಡೆ ಬಂತು. ಮುಚ್ಚಿಕೊಳ್ಳಲು ನನಗೆ ರೆಪ್ಪೆ ಇಲ್ಲ.